ಘುಗ್ರಿ ಕಟ್ಟಿ ಕೆಟ್ಟೆ

ಸಂಜೆ ಐದೂ ಕಾಲು. ಚಿತ್ತಾಪುರ ಕಡೆಯ ಒಂದು ಲಂಬಾಣಿ ತಾಂಡಾ. ಶಹಾಬಾದ್ ಕಲ್ಲಿನ ಅಂಗಳದಲ್ಲಿ ಹುಡುಗಿಯನ್ನು ಸ್ಟೂಲ್ ಮೇಲೆ ಕೂರಿಸಿ, ಕಿವಿಯ ಪಕ್ಕದ ಕೂದಲಿಗೆ ಘುಗ್ರಿ, ಅಂದರೆ ಜೋತಾಡುವ ಒಡವೆ, ಕಟ್ಟುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಅವಳ ಮದುವೆ, ಇವತ್ತು ಪ್ರೀ-ವೆಡ್ಡಿಂಗ್ ಶೂಟ್. ಕ್ಯಾಮೆರಾದ ಹುಡುಗ ಆಗಲೇ ಎರಡು ಸಲ "ಅಕ್ಕಾ, ಲೈಟ್ ಹೊಂಟದ" ಅಂದಿದ್ದ.

2023ರಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರಿನ ಹೆಣ್ಣುಮಕ್ಕಳ ಕೈಕೆಲಸದ 1,755 ಲಂಬಾಣಿ ಕಸೂತಿ ಸಾಮಾನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರಲ್ಲ, ಅದರ ವಿಡಿಯೋ ನೋಡಿದ್ದೇ ನಮ್ಮ ಸ್ಟುಡಿಯೋ ಮಾಲೀಕರು ಟ್ರೆಡಿಷನಲ್ ಪ್ಯಾಕೇಜಿಗೆ 'ಲಂಬಾಣಿ ಲುಕ್' ಸೇರಿಸಿಬಿಟ್ಟರು. ಸಂಡೂರಿನವರದು ಕೈಹೊಲಿಗೆ. ನಮ್ಮವರು ಹೈದರಾಬಾದಿನಿಂದ ತಂದದ್ದು ಮಷೀನ್ ಹೊಲಿಗೆಯ ಪಾಲಿಸ್ಟರ್ ಸೆಟ್, ಕನ್ನಡಿ ಜಾಗದಲ್ಲಿ ಪ್ಲಾಸ್ಟಿಕ್ ಬಿಲ್ಲೆ. ಪೇಟಿಯಾ (ಲಂಗ), ಕಾಂಚಳಿ (ಕುಪ್ಪಸ), ಟುಕ್ರಿ (ತಲೆಯ ಹೊದಿಕೆ), ಒಡವೆ ಎಲ್ಲ ಸೇರಿ ಒಂದೇ ಬ್ಯಾಗ್. ಬ್ಯಾಗಿನಲ್ಲಿ ಇದ್ದದ್ದನ್ನೆಲ್ಲ ಮೈಮೇಲೆ ಹಾಕಿದರೆ ಲುಕ್ ಮುಗಿಯಿತು, ನನಗೆ ಗೊತ್ತಿದ್ದದ್ದು ಅಷ್ಟೇ.

ಹುಡುಗಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವಳು. ಘುಗ್ರಿ ಕೈಗೆತ್ತಿಕೊಂಡಾಗ ಮೆಲ್ಲಗೆ ಕೇಳಿದಳು: "ಅಕ್ಕಾ, ಇದು ಹಾಕ್ಲೇಬೇಕೇನ್ರಿ?"

ಊರಿನ ಉಡುಗೆ ಅಂದರೆ ಮುಜುಗರ ಇರಬೇಕು ಅಂತ ನಾನೇ ತೀರ್ಮಾನ ಮಾಡಿದೆ. "ನಿಮ್ದೇ ಕಲ್ಚರ್ ಅದಾರೀ, ನಾಚಿಕಿ ಯಾಕ?" ಅಂದೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಅವಳದು ಏನು ಅಂತ ಅವಳಿಗೇ ಪಾಠ ಹೇಳಲು ಹೋಗಿದ್ದೆ.

ಹೊರಸಿನ ಮೇಲೆ ಕೂತಿದ್ದ ಅವಳ ಅಜ್ಜಿ ಅಷ್ಟು ಹೊತ್ತೂ ನನ್ನ ಕೈಯನ್ನೇ ನೋಡುತ್ತಿದ್ದರು. ಕೆಲಸ ಮೆಚ್ಚಿದ್ದಾರೆ ಅಂತ ಒಳಗೊಳಗೇ ಉಬ್ಬಿದ್ದೆ. ಎರಡನೇ ಘುಗ್ರಿ ಕಟ್ಟಿ, ತೋಳಿಗೆ ಬಿಳಿ ಬಲಿಯಾ ಬಳೆ ಏರಿಸುವಾಗ ಎದ್ದು ಬಂದರು.

"ತಂಗಿ, ನಿಮ್ಮ ಮಂದ್ಯಾಗ ಲಗ್ನಕ್ಕಿಂತ ಮೊದ್ಲೇ ತಾಳಿ ಕಟ್ತಾರೇನು?"

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಕಿವಿಯ ಪಕ್ಕ ಜೋತಾಡುತ್ತಿದ್ದ, ಸವೆದು ಕಪ್ಪಾದ ಬೆಳ್ಳಿಯನ್ನು ಮುಟ್ಟಿ ತೋರಿಸಿದರು. ಘುಗ್ರಿ, ಅದರ ಜೊತೆ ಕೂದಲಿಗೆ ಹಾಕುವ ಟೋಪ್ಲಿ, ಮೊಣಕೈ ಮೇಲಿನ ಬಲಿಯಾ, ಎಲ್ಲ ಲಗ್ನವಾದ ಹೆಂಗಸಿನ ಗುರುತು.

"ಆಯಿ, ತಪ್ಪಾತ್ರಿ" ಅಂದೆ. ಉತ್ತರ ಬರಲಿಲ್ಲ. ಬಿಚ್ಚಲು ಹೋದರೆ ಕೊಕ್ಕೆ ಕೂದಲಲ್ಲಿ ಸಿಕ್ಕಿಕೊಂಡಿದೆ. ಎಳೆದಂತೆಲ್ಲ ಹುಡುಗಿಯ ಕಣ್ಣಲ್ಲಿ ನೀರು. ಬಲಿಯಾ ತೋಳಿನಲ್ಲಿ ಬಿಗಿದು ಕೂತಿತ್ತು, ಕೊನೆಗೆ ಬಟ್ಟೆ ಸೋಪು ಹಚ್ಚಿ ಜಾರಿಸಿದೆವು. ಹನ್ನೆರಡು ನಿಮಿಷ ಹಿಡಿಯಿತು. ಕ್ಯಾಮೆರಾದ ಹುಡುಗ ಸುಮ್ಮನೆ ಲೆನ್ಸ್ ಒರೆಸುತ್ತಿದ್ದ. ವರನ ತಮ್ಮ ಮೊಬೈಲ್ ನೋಡುವವನಂತೆ ನಟಿಸುತ್ತಿದ್ದ.

ಹುಡುಗಿ ಒಳಗೆ ಹೋಗಿ ಡೆನಿಮ್ ಜಾಕೆಟ್ ಹಾಕಿಕೊಂಡು ಬಂದಳು. ಬೆನ್ನಿಗೆ ಅಜ್ಜಿಯ ಹರಿದ ಕಾಂಚಳಿಯ ತುಂಡೊಂದನ್ನು ತಾನೇ ಹೊಲಿದಿದ್ದಳು: ಮಬ್ಬಾದ ನಿಜವಾದ ಕನ್ನಡಿ, ಎರಡು ಕವಡೆ, ಅಲೆಯಂಚಿನ ಒಂದಾಣೆ ನಾಣ್ಯದ ಸಾಲು. ಒಂದರ ಮೇಲೆ ಜಾರ್ಜ್ ದೊರೆಯ ಮೂಗು ಪೂರ್ತಿ ಸವೆದಿತ್ತು. ಅಜ್ಜಿ ಬಂದು ಬಿಚ್ಚಿದ್ದ ಒಂದು ದಾರ ಕಚ್ಚಿ ಕತ್ತರಿಸಿದರು, ಅಷ್ಟೇ. ಉಳಿದ ಆರೇಳು ನಿಮಿಷದ ಬೆಳಕಿನಲ್ಲಿ, ತೊಗರಿ ಹೊಲದ ಬದುವಿನಲ್ಲಿ ಬೆನ್ನು ತಿರುಗಿಸಿ ನಿಂತ ಒಂದೇ ಫ್ರೇಮ್ ಸರಿಯಾಗಿ ಬಂತು.

ಆ ಜಾಕೆಟ್ಟಿನ ಫೋಟೋ ನಾಲ್ಕು ದಿನ ಮೊದಲೇ ವಾಟ್ಸಾಪಿನಲ್ಲಿ ನನಗೆ ಬಂದಿತ್ತು. "ಡೆನಿಮ್ ಬ್ಯಾಡ್ರಿ, ಟ್ರೆಡಿಷನಲ್ ಫೀಲ್ ಬರಲ್ಲ" ಅಂತ ಉತ್ತರಿಸಿದವಳೂ ನಾನೇ.

ಮಾಲೀಕರು ಮುರಿದ ಕೊಕ್ಕೆಗೆ ಆರುನೂರು ರೂಪಾಯಿ ಹಿಡಿದುಕೊಂಡರು, ಇರಲಿ. ಮರುದಿನ ಸ್ಟುಡಿಯೋ ಪೇಜಿಗೆ ಘುಗ್ರಿ ಹಾಕಿದ್ದ ಟೆಸ್ಟ್ ಶಾಟನ್ನೇ ಏರಿಸಿದ್ದರು. ಜಗಳ ಮಾಡಿ ತೆಗೆಸಿದೆ. ಲುಕ್ ಶೀಟಿನಲ್ಲಿ ಲಿಪ್‌ಸ್ಟಿಕ್ ಶೇಡಿಗೆ ಮೂರು ಕಾಲಂ ಇವೆ, 'ಮನೆಯಲ್ಲಿ ಏನಿದೆ, ಯಾರನ್ನು ಕೇಳಬೇಕು' ಅನ್ನುವುದಕ್ಕೆ ಒಂದೂ ಇಲ್ಲ. ಕಾಲಂ ಸೇರಿಸಿ ಅಂದರೆ "ಪೇಜ್ ಎರಡಾಗ್ತದ" ಅಂತಾರೆ. ಸದ್ಯಕ್ಕೆ ನನ್ನ ಪ್ರಿಂಟಿನ ಹಿಂಬದಿ ಪೆನ್ನಿನಲ್ಲಿ ಬರೆದುಕೊಂಡು ಹೋಗುತ್ತೇನೆ.