ಅರ್ಧ ಟಿಡಿಎಸ್‌ನ ಬೆನ್ನು ಹತ್ತಿ: ಮಡಗಾಂವಿನ ಒಂದು ರಿಫಂಡಿನ ಕಥೆ

ಕಾರವಾರದ ಅಕ್ಕನ ಆದಾಯ ತೆರಿಗೆ ರಿಫಂಡ್ ಕೊನೆಗೂ ಖಾತೆಗೆ ಬಿದ್ದಿದೆ. 2023-24ರ ಅಸೆಸ್‌ಮೆಂಟ್ ವರ್ಷದ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಅಸಲು 46,380 ರೂಪಾಯಿ, ಬಡ್ಡಿ 4,167 ರೂಪಾಯಿ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 288ಬಿ ಹೇಳುವಂತೆ ಹತ್ತರ ಲೆಕ್ಕಕ್ಕೆ ತಂದಾಗ 50,550. ಸರಕಾರವೇ ಮೇಲೆ ಮೂರು ರೂಪಾಯಿ ಸೇರಿಸಿ ಕೊಟ್ಟದ್ದನ್ನು ಕಂಡು ನನಗಾದ ಸಂತೋಷ, ಸಂಬಳವಿಲ್ಲದೆ ಬೇರೆಯವರ ರಿಟರ್ನ್ ತುಂಬುವ ಹುಚ್ಚಿರುವವರಿಗೆ ಮಾತ್ರ ಅರ್ಥವಾದೀತು. ಲಾಗಿನ್, ಎಐಎಸ್ (ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ) ತಾಳೆ, ಇ-ವೆರಿಫಿಕೇಶನ್ ಮುಂತಾದ ನಿತ್ಯದ ಕೆಲಸಗಳನ್ನು ಇಲ್ಲಿ ವಿವರಿಸುವುದಿಲ್ಲ. ಈ ಪ್ರಕರಣದಲ್ಲಿ ಹಣವನ್ನು ಹಿಡಿದಿಟ್ಟದ್ದು ಒಂದೇ ಒಂದು ಸಾಲು, ಅದರ ಬಗ್ಗೆಯೇ ಬರೆಯುತ್ತೇನೆ.

ಗೋವಾದ ಹೊರಗಿರುವವರಿಗಾಗಿ ಹಿನ್ನೆಲೆ ಇಷ್ಟು. ಅಕ್ಕ ಕಾರವಾರದವರು, ಭಾವ ಮಡಗಾಂವಿನವರು. ಇಬ್ಬರೂ ನನಗೆ ರಕ್ತಸಂಬಂಧಿಗಳಲ್ಲ, ನೆರೆಯವರು. ಅವರ ಮದುವೆ ಗೋವಾದಲ್ಲಿ ನೋಂದಣಿಯಾಗಿದೆ, ಮದುವೆಗೆ ಮೊದಲು ಆಸ್ತಿಯ ಕುರಿತು ಬೇರೆ ಒಪ್ಪಂದವೇನೂ ಆಗಿಲ್ಲ. ಹೀಗಾಗಿ ಪೋರ್ಚುಗೀಸ್ ಸಿವಿಲ್ ಕೋಡ್ ಪ್ರಕಾರ ಗಂಡ ಹೆಂಡಿರ ಆಸ್ತಿ ಸಮಾನ ಒಡೆತನದ್ದು. ಆದಾಯ ತೆರಿಗೆಯ ಲೆಕ್ಕದಲ್ಲಿ ಇದನ್ನು ನಡೆಸಿಕೊಡುವುದು ಸೆಕ್ಷನ್ 5ಎ. ಸಂಬಳವೊಂದನ್ನು ಬಿಟ್ಟು ಉಳಿದ ಆದಾಯವೆಲ್ಲ ಇಬ್ಬರ ನಡುವೆ ಸರಿಯಾಗಿ ಅರ್ಧರ್ಧ ಹಂಚಿಕೆಯಾಗುತ್ತದೆ. 1994ರ ಹಣಕಾಸು ಕಾಯ್ದೆಯಿಂದ ಬಂದ ಈ ಸೆಕ್ಷನ್, ಹಿಂದಕ್ಕೆ ಹೋಗಿ 1963ರ ಏಪ್ರಿಲ್ 1ರಿಂದಲೇ ಜಾರಿಯಾಯಿತು. ಸಿವಿಲ್ ಕೋಡ್ 1867ರದ್ದಾದರೂ ಈ ಸೆಕ್ಷನ್ನಿನ ಪಠ್ಯದಲ್ಲಿ 1860 ಎಂದು ಅಚ್ಚಾಗಿದೆ. ಅದನ್ನು ತಿದ್ದುವ ಹವ್ಯಾಸವನ್ನು ಬೇರೆ ಯಾರಾದರೂ ಕೈಗೆತ್ತಿಕೊಳ್ಳಲಿ.

ಭಾವನ ಹೆಸರಿನಲ್ಲಿ ಬ್ಯಾಂಕಿನಲ್ಲಿ ದೊಡ್ಡ ಠೇವಣಿಗಳಿವೆ. 2022-23ರಲ್ಲಿ ಅವುಗಳ ಮೇಲೆ 9,27,600 ರೂಪಾಯಿ ಬಡ್ಡಿ ಬಂದಿತ್ತು. ಬ್ಯಾಂಕು ಶೇಕಡಾ 10ರಂತೆ 92,760 ರೂಪಾಯಿ ಟಿಡಿಎಸ್, ಅಂದರೆ ಮೂಲದಲ್ಲೇ ಮುರಿಯುವ ತೆರಿಗೆ, ಕಡಿದು, ಪೂರ್ತಿ ಮೊತ್ತವನ್ನು ಭಾವನ ಪ್ಯಾನ್‌ಗೆ ತೋರಿಸಿತ್ತು. ಬ್ಯಾಂಕಿನ ಮಟ್ಟಿಗೆ ಅದು ಸರಿಯೇ. ಸೆಕ್ಷನ್ 5ಎ ಪ್ರಕಾರ ಅರ್ಧ ಬಡ್ಡಿ, ಅಂದರೆ 4,63,800, ಅಕ್ಕನ ಆದಾಯ. ಅದರೊಂದಿಗೆ ಅರ್ಧ ಟಿಡಿಎಸ್ ಕೂಡ ಅಕ್ಕನದೇ. ಅವರ ಒಟ್ಟು ಆದಾಯ ಐದು ಲಕ್ಷದೊಳಗೇ ಇದ್ದುದರಿಂದ ರಿಯಾಯಿತಿಯ ನಂತರ ತೆರಿಗೆ ಸೊನ್ನೆ, 46,380 ಪೂರ್ತಿ ವಾಪಸು ಬರಬೇಕು. ಕಾಗದದ ಮೇಲೆ ಇಷ್ಟು ಸರಳ.

ಆ ವರ್ಷದ ರಿಟರ್ನ್‌ಗಳನ್ನು ಇಬ್ಬರ ಪರವಾಗಿ ತುಂಬಿದ್ದು ಪೇಟೆಯ ಒಬ್ಬ ತೆರಿಗೆ ಸಲಹೆಗಾರರು. ಪ್ರಕರಣ ನನ್ನ ಕೈಗೆ ಬರುವ ಹೊತ್ತಿಗೆ ರಿಟರ್ನ್ ಸಂಸ್ಕರಿಸಿದ ಮೇಲೆ ಇಲಾಖೆ ಕಳಿಸುವ ಸೆಕ್ಷನ್ 143(1)ರ ಸೂಚನಾಪತ್ರ ಬಂದಿತ್ತು, ರಿಟರ್ನ್ ಪರಿಷ್ಕರಿಸುವ ಡಿಸೆಂಬರ್ 31ರ ಗಡುವು ಕಳೆದಿತ್ತು. ಸೂಚನಾಪತ್ರದಲ್ಲಿ ಎರಡು ಅಂಕಣಗಳಿರುತ್ತವೆಯಲ್ಲ, ತೆರಿಗೆದಾರರು ಹೇಳಿದ್ದು ಎಡಕ್ಕೆ, ಲೆಕ್ಕಕ್ಕೆ ಒಪ್ಪಿದ್ದು ಬಲಕ್ಕೆ: ಆದಾಯದಿಂದ ಹಿಡಿದು ರಿಯಾಯಿತಿಯವರೆಗೆ ಎಲ್ಲ ಸಾಲುಗಳೂ ಎರಡೂ ಕಡೆ ಒಂದೇ ಆಗಿದ್ದು, ಟಿಡಿಎಸ್ ಸಾಲಿನಲ್ಲಿ ಮಾತ್ರ ಎಡಕ್ಕೆ 46,380, ಬಲಕ್ಕೆ 0. ತೆರಿಗೆಯೇ ಇಲ್ಲದ್ದರಿಂದ ಬಾಕಿ ಬೇಡಿಕೆಯೂ ಹುಟ್ಟಿರಲಿಲ್ಲ. ಬೇಡಿಕೆ ಇಲ್ಲದ ಸೂಚನಾಪತ್ರ ಅತ್ಯಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಯಾರೂ ಹೆದರುವುದಿಲ್ಲ, ಹಾಗಾಗಿ ಯಾರೂ ಓದುವುದಿಲ್ಲ. ಸಲಹೆಗಾರರು ಅಕ್ಕನಿಗೆ ಹೇಳಿದ್ದೂ ಅದನ್ನೇ: ಏನೂ ಕಟ್ಟಬೇಕಾಗಿಲ್ಲ, ಆರಾಮವಾಗಿರಿ.

ಮೊದಲು, ತಪ್ಪು ತಿದ್ದಿಸಿಕೊಳ್ಳುವ ಸೆಕ್ಷನ್ 154ರ ಅಡಿಯಲ್ಲಿ ಮರುಸಂಸ್ಕರಣೆಗೆ ಕೋರಿಕೆ ಸಲ್ಲಿಸಲಾಯಿತು. ಅದೇ ರಿಟರ್ನ್ ಮತ್ತೆ ಅದೇ ಯಂತ್ರದೊಳಗೆ ಹೋಗಿ ಅದೇ ಸೊನ್ನೆಯೊಂದಿಗೆ ಹೊರಬಂತು, ಇದರಲ್ಲಿ ಆಶ್ಚರ್ಯವಿಲ್ಲ. ಇಲಾಖೆಗೆ ಅಹವಾಲು ಹಾಕಿದಾಗ, ಈ ಕಡಿತ ನಿಮ್ಮ 26ಎಎಸ್‌ನಲ್ಲಿ (ಪ್ಯಾನ್‌ವಾರು ತೆರಿಗೆ ಜಮೆಯ ಪಟ್ಟಿ) ಕಾಣುತ್ತಿಲ್ಲ, ಕಡಿದವರನ್ನು ಸಂಪರ್ಕಿಸಿ ಎಂಬ ಉತ್ತರ ಬಂತು. ಕಡಿದವರೆಂದರೆ ಬ್ಯಾಂಕು. ಅಲ್ಲಿ ನಿಯಮ 37ಬಿಎ(2)ರ ಪ್ರತಿಯನ್ನು ಮೇಜಿನ ಮೇಲಿಟ್ಟು, ಆದಾಯ ಇನ್ನೊಬ್ಬರದ್ದಾದರೆ ಠೇವಣಿದಾರರು ಘೋಷಣೆ ಕೊಟ್ಟಾಗ ಆ ಇನ್ನೊಬ್ಬರ ಹೆಸರಿನಲ್ಲೇ ಕಡಿತವನ್ನು ವರದಿ ಮಾಡುವುದಕ್ಕೆ ಅವಕಾಶವಿದೆ ಎಂದು ವಿವರಿಸಿದರೆ, ಅಧಿಕಾರಿಗಳು ಅದನ್ನು ಬಹಳ ಗೌರವದಿಂದ ಓದಿ, ಬಹಳ ಗೌರವದಿಂದ ಹಿಂದಿರುಗಿಸಿ, ತಮ್ಮ ಸಾಫ್ಟ್‌ವೇರಿನಲ್ಲಿ ಅಂಥ ಆಯ್ಕೆ ಇಲ್ಲವೆಂದರು. ಘೋಷಣೆಯನ್ನು ಸ್ವೀಕರಿಸಿ ಒಂದು ಮೊಹರನ್ನಾದರೂ ಒತ್ತಿ ಎಂದರೆ, ಮೊಹರು ಒತ್ತಿದರೆ ಸ್ವೀಕರಿಸಿದಂತಾಗುತ್ತದೆ ಎಂಬ ತರ್ಕ ಬಂತು. ಟಿಡಿಎಸ್ ವಿವರ ಪೂರೈಸುವ ಈ ವರ್ಗದವರ ಜೊತೆ ವಾದಿಸಿ ಗೆದ್ದವರು ಯಾರಾದರೂ ಇದ್ದರೆ ದಯವಿಟ್ಟು ಉಪಾಯ ತಿಳಿಸಬೇಕು.

ಗಡುವು ಕಳೆದ ಮೇಲೂ ಹಾಕಬಹುದಾದ ಅಪ್‌ಡೇಟೆಡ್ ರಿಟರ್ನ್ ಹಾಕಿಬಿಡಿ ಎಂದು ಇಬ್ಬರು ಮಿತ್ರರು ಸಲಹೆ ಕೊಟ್ಟರು. ರಿಫಂಡ್ ಕೇಳುವುದಕ್ಕಾಗಲೀ ಹೆಚ್ಚಿಸುವುದಕ್ಕಾಗಲೀ ಆ ದಾರಿ ಇಲ್ಲ. ಅದು ಕಟ್ಟುವವರಿಗೆ ಮಾತ್ರ ತೆರೆಯುವ ಬಾಗಿಲು.

ಗಂಟು ಬಿಚ್ಚಿಕೊಂಡದ್ದು ಗಂಡ ಹೆಂಡಿರಿಬ್ಬರ ರಿಟರ್ನ್‌ಗಳನ್ನೂ ಮುದ್ರಿಸಿ ಪಕ್ಕಪಕ್ಕದಲ್ಲಿಟ್ಟಾಗ. ಸೆಕ್ಷನ್ 5ಎ ಪ್ರಕರಣಗಳಲ್ಲಿ ಒಬ್ಬರ ಕಾಗದವನ್ನು ಮಾತ್ರ ನೋಡುವುದರಿಂದ ಪ್ರಯೋಜನವಿಲ್ಲ, ಎರಡನ್ನೂ ಒಟ್ಟಿಗೆ ಓದಬೇಕು. ಭಾವನ ರಿಟರ್ನ್ ನಿರ್ದೋಷವಾಗಿತ್ತು. 5ಎ ಅನುಸೂಚಿಯಲ್ಲಿ ಇತರ ಮೂಲಗಳ ಆದಾಯದ ಎದುರು ಬಂದ ಮೊತ್ತ, ಸಂಗಾತಿಗೆ ಹಂಚಿದ ಮೊತ್ತ, ಅದರ ಮೇಲಿನ ಟಿಡಿಎಸ್, ಸಂಗಾತಿಗೆ ಹಂಚಿದ ಟಿಡಿಎಸ್, ನಾಲ್ಕೂ ಸರಿಯಾಗಿದ್ದವು. ಸಂಬಳವಲ್ಲದ ಆದಾಯದ ಕಡಿತಗಳನ್ನು ತೋರಿಸುವ ಟಿಡಿಎಸ್-2 ಅನುಸೂಚಿಯಲ್ಲಿಯೂ 46,380 ರೂಪಾಯಿಯನ್ನು ಸ್ವಂತಕ್ಕೆ ಪಡೆದು, ಉಳಿದ 46,380 ರೂಪಾಯಿಯನ್ನು ಸಂಗಾತಿಯ ಕೈಯಲ್ಲಿ ಪಡೆಯುವ ಅಂಕಣಕ್ಕೆ ಹಾಕಿ, ಅಕ್ಕನ ಪ್ಯಾನ್ ನಮೂದಿಸಲಾಗಿತ್ತು.

ಅಕ್ಕನ ರಿಟರ್ನಿನಲ್ಲಿ ಅದೇ ಟಿಡಿಎಸ್-2 ಅನುಸೂಚಿ, ಅದೇ ಬ್ಯಾಂಕಿನ ಟ್ಯಾನ್ (ತೆರಿಗೆ ಕಡಿಯುವವರ ಸಂಖ್ಯೆ), ಅದೇ ಮೊತ್ತ. ಎರಡನೆಯ ಅಂಕಣ ಮಾತ್ರ ಬೇರೆ. ಕಡಿತದ ಜಮೆ ಯಾರಿಗೆ ಸಂಬಂಧಿಸಿದ್ದು ಎಂದು ಕೇಳುವ ಆ ಅಂಕಣದಲ್ಲಿ ಎರಡು ಆಯ್ಕೆಗಳಿವೆ: ಸ್ವಂತ, ಇಲ್ಲವೇ ಬೇರೆ ವ್ಯಕ್ತಿ, ಬೇರೆ ವ್ಯಕ್ತಿ ಎಂಬುದರೊಳಗೆ 5ಎ ಪ್ರಕಾರದ ಸಂಗಾತಿಯೂ ಸೇರುತ್ತಾರೆ. ಸಲಹೆಗಾರರು ಅಕ್ಕನಿಗೆ ಹೊಸ ಸಾಲು ಸೇರಿಸುವಾಗ ಸ್ವಂತ ಎಂದು ಆರಿಸಿದ್ದರು. ಪರಿಣಾಮವಾಗಿ ಮೂರನೆಯ ಅಂಕಣದಲ್ಲಿ ಭಾವನ ಪ್ಯಾನ್ ಇರಲಿಲ್ಲ. ಮೊತ್ತವೂ ಸಂಗಾತಿಯ ಕೈಯಲ್ಲಿ ಕಡಿತವಾದದ್ದು ಎಂಬಲ್ಲಿಗೆ ಹೋಗದೆ ಸ್ವಂತ ಕೈಯಲ್ಲಿ ಕಡಿತವಾದದ್ದು ಎಂಬಲ್ಲಿ ಕುಳಿತಿತ್ತು. ಬೆಂಗಳೂರಿನ ಸಂಸ್ಕರಣಾ ಕೇಂದ್ರದ ಗಣಕ ಅಕ್ಕನ ಪ್ಯಾನ್ ಹಿಡಿದು 26ಎಎಸ್ ನೋಡಿತು, ಅಲ್ಲಿ ಏನೂ ಸಿಗಲಿಲ್ಲ, ಸೊನ್ನೆ ಬರೆಯಿತು. ಅದರ ತಪ್ಪೇನೂ ಇಲ್ಲ. ಭಾವ ಬಿಟ್ಟುಕೊಟ್ಟಾಗಿತ್ತು, ಅಕ್ಕನಿಗೆ ತಲುಪಿರಲಿಲ್ಲ. ಅಷ್ಟು ಕಾಲ ಆ ಹಣ ತ್ರಿಶಂಕುವಿನಂತೆ ನಡುವೆ ತೂಗಾಡುತ್ತಿತ್ತು. ಒಂದೇ ಮನೆಯ ಎರಡು ರಿಟರ್ನ್‌ಗಳನ್ನು ಒಂದೇ ಕಚೇರಿಯಲ್ಲಿ ತುಂಬಿ, ಒಂದರಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿ ಇನ್ನೊಂದರಲ್ಲಿ ಹೀಗೆ ಮಾಡುವುದಕ್ಕೆ ಯಾವ ಬಗೆಯ ಏಕಾಗ್ರತೆ ಬೇಕು ಎಂದು ನಾನು ಬಹಳ ಯೋಚಿಸಿದ್ದೇನೆ.

ಸಾಲು ಸಿಕ್ಕ ಮೇಲೆ ಚಿಕಿತ್ಸೆ ಕಷ್ಟವಾಗಲಿಲ್ಲ. ಸೆಕ್ಷನ್ 154ರ ಅವಧಿ, ಆದೇಶವಾದ ಹಣಕಾಸು ವರ್ಷದ ಕೊನೆಯಿಂದ ನಾಲ್ಕು ವರ್ಷ; ಸಮಯ ಬೇಕಾದಷ್ಟಿತ್ತು. ಈ ಬಾರಿ ಮರುಸಂಸ್ಕರಣೆಯನ್ನು ಬಿಟ್ಟು, ರಿಟರ್ನಿನ ದತ್ತಾಂಶ ತಿದ್ದುವ ಬಗೆಯನ್ನು ಆರಿಸಿ, ಆಫ್‌ಲೈನ್ ಯುಟಿಲಿಟಿಯಲ್ಲಿ ಆ ಸಾಲನ್ನು ಪೂರ್ತಿ ಅಳಿಸಿ, ಬೇರೆ ವ್ಯಕ್ತಿ ಎಂದು ಆರಿಸಿ ಹೊಸದಾಗಿ ಬರೆದು, ಜೇಸನ್ (JSON) ಕಡತವನ್ನು ಪೋರ್ಟಲಿಗೆ ಏರಿಸಲಾಯಿತು. ಆದಾಯದ ಒಂದು ಅಂಕಿಯನ್ನೂ ಮುಟ್ಟಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ತಿದ್ದುಪಡಿ ಆದೇಶ ಬಂತು. ಬಲ ಅಂಕಣದಲ್ಲೂ 46,380.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ರಿಫಂಡ್ ವಿಫಲ ಎಂದು ಸ್ಥಿತಿ ಬದಲಾಯಿತು. ಅಕ್ಕ ಕೊಟ್ಟಿದ್ದು ತವರಿನ ಖಾತೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ನೇರಳೆ ಶಾಯಿಯಲ್ಲಿ ಕುಮಾರಿ ಎಂಬ ಪೂರ್ವಪದ, ನಂತರ ಅವರ ಹೆಸರು, ನಂತರ ತಂದೆಯ ಕಡೆಯ ಅಡ್ಡಹೆಸರು. ಮೂಲೆ ಮಡಚಿ ಮಡಚಿ ಶಾಖೆಯ ಮೊಹರು ಅರ್ಧ ಅಳಿಸಿಹೋಗಿದೆ. ಪ್ಯಾನ್, ಆಧಾರ್ ಎರಡರಲ್ಲೂ ಗಂಡನ ಮನೆಯ ಅಡ್ಡಹೆಸರು. 2019ರ ಮಾರ್ಚ್ 1ರಿಂದ ರಿಫಂಡ್ ಎಂಬುದು ಪ್ಯಾನ್ ಜೋಡಣೆಯಾದ ಖಾತೆಗೆ ಮಾತ್ರ ಬರುತ್ತದೆ, ಚೆಕ್ಕಿನ ಕಾಲ ಹೋಯಿತು. ಹೆಸರು ಹೊಂದದೆ ಖಾತೆಯ ಪೂರ್ವ ಊರ್ಜಿತೀಕರಣ (ಪೋರ್ಟಲಿನ ಪ್ರಿ-ವ್ಯಾಲಿಡೇಶನ್) ಆಗಲಿಲ್ಲ. ವಿಷಯ ತಿಳಿಸಿದಾಗ ಅಕ್ಕ, "ಬ್ಯಾಂಕಿನವರ ಲೆಕ್ಕದಲ್ಲಿ ನನಗಿನ್ನೂ ಮದುವೆಯೇ ಆಗಿಲ್ಲ ಅಂತಾಯ್ತಲ್ಲ ತಮ್ಮಾ, ಹಾಗಾದರೆ ಇಷ್ಟು ವರ್ಷ ಅಡಿಗೆ ಮಾಡಿದ್ದು ಯಾರಿಗೆ?" ಎಂದು ಕೇಳಿದರು. ಭಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಹಳೆಯ ಖಾತೆಯಲ್ಲಿ ಹೆಸರು ಬದಲಾಯಿಸಲು ಮದುವೆ ಪ್ರಮಾಣಪತ್ರ, ಅರ್ಜಿ, ಮೂಲ ಶಾಖೆಗೆ ಖುದ್ದಾಗಿ ಬರುವುದು ಎಂದೆಲ್ಲ ಪಟ್ಟಿ ಬೆಳೆಯುತ್ತಿದ್ದಂತೆ, ಆ ದಾರಿಯನ್ನು ಬಿಟ್ಟು ಮಡಗಾಂವಿನಲ್ಲಿಯೇ ಪ್ಯಾನ್‌ನಲ್ಲಿರುವ ಹೆಸರಿನಲ್ಲಿ ಹೊಸ ಉಳಿತಾಯ ಖಾತೆ ತೆರೆಸಿ, ಅದನ್ನು ಊರ್ಜಿತಗೊಳಿಸಿ, ರಿಫಂಡ್ ಮರುಬಿಡುಗಡೆಗೆ ಕೋರಿಕೆ ಹಾಕಿದೆವು. ಸಲಹೆ ಕೇಳುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ: ಹಳೆಯ ಖಾತೆಯ ಮೇಲಿನ ಪ್ರೀತಿ ಬೇರೆ, ರಿಫಂಡ್ ಬೇರೆ. ನವೆಂಬರಿನಲ್ಲಿ ಹಣ ಬಂತು.

ಬಡ್ಡಿಯ ಲೆಕ್ಕವನ್ನು ತಾಳೆ ನೋಡದೆ ಬಿಡುವ ಜಾಯಮಾನ ನಮ್ಮದಲ್ಲ. ಸೆಕ್ಷನ್ 244ಎ ಪ್ರಕಾರ ತಿಂಗಳಿಗೆ ಅರ್ಧ ಶೇಕಡಾ, ತಿಂಗಳ ತುಣುಕೂ ಪೂರ್ಣ ತಿಂಗಳು. ನಿಯಮ 119ಎ ಪ್ರಕಾರ ಅಸಲಿನಲ್ಲಿ ನೂರರ ಕೆಳಗಿನದನ್ನು ಬಿಡಬೇಕು. ರಿಟರ್ನ್ ಗಡುವಿನೊಳಗೆ ಸಲ್ಲಿಕೆಯಾದ್ದರಿಂದ ಎಣಿಕೆ 2023ರ ಏಪ್ರಿಲ್ 1ರಿಂದ. 46,300ಕ್ಕೆ ತಿಂಗಳಿಗೆ 231.50, ಸೆಪ್ಟೆಂಬರಿನವರೆಗೆ 18 ತಿಂಗಳಿಗೆ 4,167. ಪೈಸೆಗೆ ಪೈಸೆ ಸರಿ. ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಅವಧಿಗೆ ಬಡ್ಡಿ ಸೇರಿಲ್ಲ, ಅದನ್ನು ಕೇಳಲು ನಾನು ಹೋಗುವುದೂ ಇಲ್ಲ. ತೆರಿಗೆದಾರರ ಕಡೆಯಿಂದಾದ ವಿಳಂಬದ ಅವಧಿಯನ್ನು ಕಳೆಯಬಹುದೆಂದು ಅದೇ ಸೆಕ್ಷನ್ನಿನ ಎರಡನೆಯ ಉಪಸೆಕ್ಷನ್ ಹೇಳುತ್ತದೆ. ಆ ಸಾಲನ್ನು ಯಾರಿಗೂ ಜ್ಞಾಪಿಸದಿರುವುದೇ ಕ್ಷೇಮ.

ಮುಂದಿನ ಪ್ರಕರಣದ ಕಡತ ಆಗಲೇ ಮೇಜಿನ ಮೇಲಿತ್ತು, ಮತ್ತು ಅದಕ್ಕೆ ತುರ್ತು ಇತ್ತು. ವಾಸ್ಕೋದಲ್ಲಿ ನೆಲೆಸಿರುವ ಹಾವೇರಿ ಕಡೆಯ ಒಬ್ಬ ಟಿಪ್ಪರ್ ಮಾಲೀಕರು ಸಾವರ್ಡೆ-ಕುಡಚಡೆ ಭಾಗದಲ್ಲಿ ಅದಿರು ಸಾಗಿಸುತ್ತಿದ್ದರು. ಹತ್ತಕ್ಕಿಂತ ಹೆಚ್ಚು ವಾಹನವಿಲ್ಲವೆಂದು ಪ್ಯಾನ್ ಸಹಿತ ಬರೆದುಕೊಟ್ಟಿದ್ದರೆ ಗುತ್ತಿಗೆ ಹಣದ ಮೇಲಿನ ಟಿಡಿಎಸ್‌ನ ಸೆಕ್ಷನ್ 194ಸಿ ಅಡಿಯಲ್ಲಿ ಕಡಿತವೇ ಆಗುತ್ತಿರಲಿಲ್ಲ. ಬರೆದುಕೊಡಲು ಯಾರೂ ಹೇಳಲಿಲ್ಲ, ಕಡಿತವಾಯಿತು, ಅವರು ರಿಟರ್ನ್ ಹಾಕಲಿಲ್ಲ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಗಣಿಗಾರಿಕೆ ನಿಂತ ಮೇಲೆ ಬೇರೆ ಸಾಗಣೆ ಹಿಡಿದರು, ಅಲ್ಲೂ ಅದೇ ಕಥೆ. ಸೆಕ್ಷನ್ 119(2)(ಬಿ) ಅಡಿಯಲ್ಲಿ ವಿಳಂಬ ಮನ್ನಾ ಕೋರುವುದಕ್ಕೆ ಮೊದಲು ಆರು ವರ್ಷ ಅವಕಾಶವಿತ್ತು. 2024ರ ಅಕ್ಟೋಬರ್ 1ರ 11ನೆಯ ಸುತ್ತೋಲೆ ಅದನ್ನು ಅಸೆಸ್‌ಮೆಂಟ್ ವರ್ಷದ ಕೊನೆಯಿಂದ ಐದು ವರ್ಷಕ್ಕೆ ಇಳಿಸಿದೆ. ಹೀಗಾಗಿ 2017-18ರ ಹಣಕಾಸು ವರ್ಷದ ಅದಿರಿನ ಹಣ ಸುತ್ತೋಲೆಯ ದಿನವೇ ಕೈತಪ್ಪಿತು. 2018-19ರದ್ದಕ್ಕೆ 2025ರ ಮಾರ್ಚ್ 31ರವರೆಗೆ ಜೀವವಿತ್ತು. ಇಂಥ ತಡವಾದ ಕೋರಿಕೆಗೆ ಬಡ್ಡಿ ಇಲ್ಲ. ಬಿಲ್ಲುಗಳೆಲ್ಲ ಟಿಪ್ಪರಿನ ಸೀಟಿನ ಕೆಳಗಿನ ಡಬ್ಬಿಯಲ್ಲಿದ್ದವಂತೆ, ಅದನ್ನು ಆ ಭಾನುವಾರ ತೆರೆಯಬೇಕಿತ್ತು.

ಅಕ್ಕನ ಕಡತವನ್ನು ಕಟ್ಟಿಡುವ ಮುನ್ನ ಒಂದು ಟಿಪ್ಪಣಿ ಸೇರಿಸಬೇಕಾಯಿತು. ರಿಫಂಡಿನ ಮೇಲಿನ ಬಡ್ಡಿ ಇತರ ಮೂಲಗಳ ಆದಾಯ, ಪಡೆದ ವರ್ಷದಲ್ಲಿ ತೆರಿಗೆಗೆ ಒಳಪಡುತ್ತದೆ. ಸಂಬಳವಲ್ಲದ ಆದಾಯವಾದ್ದರಿಂದ ಅದೂ ಸೆಕ್ಷನ್ 5ಎ ಪ್ರಕಾರ ಅರ್ಧವಾಗಬೇಕು. 4,167ರ ಅರ್ಧ 2,083 ರೂಪಾಯಿ 50 ಪೈಸೆ. ನಮೂನೆ ಪೈಸೆಯನ್ನು ತೆಗೆದುಕೊಳ್ಳುವುದಿಲ್ಲ; ಅಕ್ಕನಿಗೆ 2,084, ಭಾವನಿಗೆ 2,083 ಎಂದು ಬರೆದಿಟ್ಟಿದ್ದೇನೆ. ಅಕ್ಕನಿಗೆ ಇದರ ಮೇಲೆ ತೆರಿಗೆ ಬೀಳುವುದಿಲ್ಲ, ಪಿಂಚಣಿಯಿರುವ ಭಾವನಿಗೆ ಬೀಳುತ್ತದೆ. ಹೆಂಡತಿಯ ರಿಫಂಡ್ ತಡವಾದದ್ದಕ್ಕೆ ತಾನೇಕೆ ತೆರಿಗೆ ಕಟ್ಟಬೇಕು ಎಂದು ಅವರು ಕೇಳಿದ್ದಾರೆ. ಠೇವಣಿಯ ಬಡ್ಡಿಯಲ್ಲಿ ಅರ್ಧಕ್ಕೆ ಹೆಂಡತಿಯ ಹೆಸರು ಹೇಳಿ ಇಷ್ಟು ವರ್ಷ ಎಷ್ಟು ತೆರಿಗೆ ಉಳಿಸಿದಿರಿ ಎಂಬ ಲೆಕ್ಕವನ್ನು ಬೇಕಾದರೆ ತೆಗೆದುಕೊಡುತ್ತೇನೆ ಎಂದೆ. ಆ ಲೆಕ್ಕ ಬೇಡವೆಂದರು.