ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವ ಮುನ್ನ: ಬೆಳಗಾವಿಯಿಂದ ಹೊರಡುವವರಿಗೆ

ಅಟ್ಲಾಂಟಿಕ್ ದಾಟಿ ಬಂದ ಮೇಲೆ ಬೆಳಗಾವಿಯಲ್ಲಿ ಭೇಟಿಯಾದವರೆಲ್ಲ ಅಲೆಗಳ ಬಗ್ಗೆಯೇ ಕೇಳುತ್ತಾರೆ. ಆದರೆ ಹಗಲಿರುಳು ನಿಲ್ಲದೆ ಸಾಗುವ ದೋಣಿಯಲ್ಲಿ ಮನುಷ್ಯನನ್ನು ಹೆಚ್ಚು ಪರೀಕ್ಷಿಸುವುದು ತುಂಡುತುಂಡಾದ ನಿದ್ರೆ ಎಂಬುದು ನನ್ನ ಖಚಿತ ಅಭಿಪ್ರಾಯ.

1986ರಲ್ಲಿ ಆರಂಭವಾದ ಎಆರ್‌ಸಿ (ಅಟ್ಲಾಂಟಿಕ್ ರ್ಯಾಲಿ ಫಾರ್ ಕ್ರೂಸರ್ಸ್) ಎಂಬ ಹಾಯಿದೋಣಿಗಳ ಸಾಮೂಹಿಕ ಯಾನವು ನವೆಂಬರ್ ತಿಂಗಳಲ್ಲಿ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಹೊರಟು, ಸುಮಾರು 2,700 ನಾಟಿಕಲ್ ಮೈಲಿ ದೂರದ ಸೇಂಟ್ ಲೂಸಿಯಾದಲ್ಲಿ ಮುಗಿಯುತ್ತದೆ. ಹಣ ಪಡೆದು ಹವ್ಯಾಸಿಗಳನ್ನು ಸೇರಿಸಿಕೊಳ್ಳುವ ದೋಣಿಗಳೂ ಇವೆ. ಸ್ಪರ್ಧಾ ವಿಭಾಗದಲ್ಲಿ ಎಂಜಿನ್ ಬಲದಿಂದ ಮುಂದೆ ಸಾಗುವಂತಿಲ್ಲವಾದ್ದರಿಂದ ಗಾಳಿ ಬಿದ್ದರೆ ಕಾಯಬೇಕು.

ನಾಲ್ಕು ಗಂಟೆ ಪಾಳಿ, ನಾಲ್ಕು ಗಂಟೆ ವಿರಾಮ ಎಂದರೂ ಒದ್ದೆ ಬಟ್ಟೆ ಕಳಚಿ, ಏನಾದರೂ ತಿಂದು, ಮತ್ತೆ ಸಜ್ಜಾಗುವ ಹೊತ್ತನ್ನು ಕಳೆದರೆ ಮಲಗಲು ಸಿಗುವುದು ಮೂರು ಗಂಟೆಗಿಂತ ಕಡಿಮೆ. ಹಿಂಗಾಳಿಯಲ್ಲಿ ದೋಣಿ ಎರಡೂ ಬದಿಗೆ ಹೊರಳುತ್ತಲೇ ಇರುವುದರಿಂದ ಬರ್ಥ್‌ನ ಅಂಚಿಗೆ ಬಟ್ಟೆಯ ತಡೆ ಕಟ್ಟಿಕೊಂಡೇ ಮಲಗಬೇಕು. ಗಡಿಯಾರವನ್ನು ಬದಲಿಸದೆ ಪಶ್ಚಿಮಕ್ಕೆ ಸಾಗಿದಂತೆ ಸೂರ್ಯೋದಯ ದಿನೇ ದಿನೇ ತಡವಾಗುತ್ತಾ ಹೋಗಿ, ಕೊನೆಗೆ ಸುಮಾರು ಮೂರು ಗಂಟೆಯಷ್ಟು ಹಿಂದೆ ಬೀಳುತ್ತದೆ. ಹಾಗಾಗಿ ಪಾಳಿಗಳನ್ನು ಸರದಿಯಂತೆ ಬದಲಿಸಲು ದೋಣಿಯ ನಾಯಕರಾದ ಸ್ಕಿಪ್ಪರ್ ಅವರನ್ನು ಮೊದಲೇ ಕೇಳಿಕೊಳ್ಳಿ, ಇಲ್ಲವಾದರೆ ಬೆಳಗಿನ ಬೆಳಕು ಕೆಲವರ ಪಾಲಿಗಷ್ಟೇ ಬರುತ್ತದೆ. ರಾತ್ರಿ ಪಾಳಿಯಲ್ಲಿ ಲೈಫ್ ಜಾಕೆಟ್‌ನ ಪಟ್ಟಿಯನ್ನು ದೋಣಿಗೆ ಸಿಕ್ಕಿಸದೆ ಮೇಲೆ ಕಾಲಿಡಲೇಬೇಡಿ. ನಕ್ಷತ್ರಗಳನ್ನು ಮರೆಮಾಡುವ ಕಪ್ಪು ಮೋಡ ಕಂಡೊಡನೆ ಹಾಯಿಯನ್ನು ಕಿರಿದುಗೊಳಿಸಬೇಕು. ಗಾಳಿ ಮೈಮೇಲೆ ಬಂದ ನಂತರ ಆ ಕೆಲಸ ಬಹಳ ಕಷ್ಟ.

ಊಟದ ವಿಷಯದಲ್ಲಿ ನಮ್ಮ ಸೀಮೆಯವರಿಗೆ ದೊಡ್ಡ ಅನುಕೂಲವಿದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೆಡುವುದಿಲ್ಲ, ಒಲೆ ಹಚ್ಚಲಾಗದ ದಿನವೂ ಹೊಟ್ಟೆ ತುಂಬಿಸುತ್ತವೆ. ಜೊತೆಗಿದ್ದ ಪರದೇಶದವರೂ ಕೇಳಿ ಕೇಳಿ ತಿಂದರು. ಕಡಲಿನ ತೇವಕ್ಕೆ ರೊಟ್ಟಿ ಬೇಗ ಮೆತ್ತಗಾಗುವುದರಿಂದ ಒಂದೊಂದು ಊಟಕ್ಕೆ ಬೇಕಾದಷ್ಟನ್ನೇ ಗಾಳಿಯಾಡದ ಚೀಲಗಳಲ್ಲಿ ಕಟ್ಟಿರಿ. ಹಾಲಿನ ಪದಾರ್ಥಗಳನ್ನು ಯುರೋಪಿಗೆ ಒಯ್ಯುವಂತಿಲ್ಲ. ಕುಂದಾ ಊರಿನಲ್ಲೇ ಉಳಿಯಲಿ. ಅಡುಗೆಗೆ ನಿಂತಾಗ ಪಾತ್ರೆಯನ್ನು ಅರ್ಧವಷ್ಟೇ ತುಂಬಿಸಿ, ಬಿಸಿನೀರು ಚೆಲ್ಲಿದರೆ ಕಾಲು ಸುಡದಂತೆ ಜಲನಿರೋಧಕ ಪ್ಯಾಂಟ್ ಧರಿಸಿರಿ. ಸಿಹಿನೀರು ಕುಡಿಯಲು ಮತ್ತು ಅಡುಗೆಗೆ ಮೀಸಲು. ಸ್ನಾನ, ಪಾತ್ರೆ ತೊಳೆಯುವುದು ಬಹುತೇಕ ಉಪ್ಪುನೀರಿನಲ್ಲೇ.

ಹಾಯಿ ಕಲಿಯಲು ದೂರ ಹೋಗಬೇಕಿಲ್ಲ, ಚೋರ್ಲಾ ಘಾಟ್ ಇಳಿದರೆ ಗೋವಾ. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯ ಹೆಸರು ಹೊತ್ತ ನೌಕಾಪಡೆಯ ಹಾಯಿದೋಣಿ ‘ಮ್ಹಾದೇಯಿ’ ನಿರ್ಮಾಣವಾದದ್ದೂ ಅಲ್ಲಿಯೇ. 2009–10ರಲ್ಲಿ ನೌಕಾಪಡೆಯ ಅಧಿಕಾರಿ ದಿಲೀಪ್ ದೋಂಡೆ ಅವರು ಅದರಲ್ಲಿ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಿದ್ದು ನಮ್ಮ ಜಿಲ್ಲೆಯವರಿಗೂ ಹೆಮ್ಮೆಯ ಸಂಗತಿ.

ಹೆಚ್ಚಿನ ದೋಣಿಗಳಿಗೆ ಮೂರು ವಾರಗಳ ಆಸುಪಾಸು ಹಿಡಿಯುತ್ತದೆ, ಆದರೆ ತಲುಪುವ ದಿನವನ್ನು ನಿರ್ಧರಿಸುವುದು ಗಾಳಿ. ಆದ್ದರಿಂದ ಹಿಂದಿರುಗುವ ವಿಮಾನಕ್ಕೆ ದಿನಾಂಕ ಬದಲಿಸಬಹುದಾದ ಟಿಕೆಟ್ಟನ್ನೇ ಕೊಳ್ಳಿ. ಕಚೇರಿಯ ರಜೆಯನ್ನೂ ಒಂದು ವಾರ ಹೆಚ್ಚಿಗೆ ಕೇಳಿ.