ರಾವಣ ನಮ್ಮ ಮಾಳಿಗಿ ಮೇಲೆ ಹಾದುಹೋದ ಸಂಜೆ

2019ರ ಜೂನ್ ಕೊನೆ ವಾರ. ರಾಯಚೂರಿನ ಬಿಸಿಲಿನ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ ಬಿಡಿ. ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಇಂಜಿನಿಯರಿಂಗ್) ಓದ್ತಿದ್ದ ನಾವು ಮೂರು ಜನ, ಬಾಡಿಗೆ ರೂಮಿನ ಮಾಳಿಗಿ ಮೇಲೆ ಆಂಟೆನಾ ಹಿಡ್ಕೊಂಡು ನಿಂತಿದ್ವಿ. ನಾನು, ಸಿಂಧನೂರು, ದೇವದುರ್ಗ. (ನಮ್ಮಲ್ಲಿ ಹೆಸರಿಗಿಂತ ಊರು ಹಿಡಿದು ಕರೆಯೋದೇ ಜಾಸ್ತಿ.)

ವಿಷಯ ಏನಪಾ ಅಂದ್ರೆ, ಆ ತಿಂಗಳು 17ಕ್ಕೆ ಅಂತರಿಕ್ಷ ನಿಲ್ದಾಣದಿಂದ ಮೂರು ಪುಟ್ಟ ಉಪಗ್ರಹ ಹೊರಗೆ ಬಿಟ್ಟಿದ್ರು. ನೇಪಾಳದ ನೇಪಾಳಿಸ್ಯಾಟ್-1, ಶ್ರೀಲಂಕಾದ ರಾವಣ-1, ಜಪಾನಿನ ಉಗುಯಿಸು. ಮೂರೂ ಕ್ಯೂಬ್‌ಸ್ಯಾಟು, ಅಂದ್ರೆ ಉದ್ದ ಅಗಲ ಎತ್ತರ ಎಲ್ಲಾ 10 ಸೆಂಟಿಮೀಟರ್ ಇರೋ ಡಬ್ಬಿ, ತೂಕ ಒಂದು ಕೆಜಿ ಚಿಲ್ಲರೆ. ಜಪಾನಿನ ಕ್ಯುಶು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಬರ್ಡ್ಸ್ ಅನ್ನೋ ಪ್ರಾಜೆಕ್ಟಲ್ಲಿ ಕಟ್ಟಿದ್ದು. ಬೇರೆ ಬೇರೆ ದೇಶದ ಹುಡುಗ್ರು ಹುಡುಗೀರು ಅಲ್ಲಿಗೆ ಓದೋಕೆ ಹೋಗಿ, ಓದ್ತಾ ಓದ್ತಾನೇ ತಮ್ಮ ದೇಶದ ಉಪಗ್ರಹಾನ ತಾವೇ ಡಿಸೈನ್ ಮಾಡಿ, ಜೋಡಿಸಿ, ಟೆಸ್ಟ್ ಮಾಡಿ ಮೇಲಕ್ಕೆ ಕಳಿಸ್ತಿದ್ರು, 2017ರ ಮೊದಲ ಬ್ಯಾಚಲ್ಲಿ ಘಾನಾ, ಮಂಗೋಲಿಯಾ, ನೈಜೀರಿಯಾ, ಬಾಂಗ್ಲಾದೇಶ ಇದ್ವು, ಮುಂದಿನ ವರ್ಷ ಭೂತಾನ್, ಫಿಲಿಪ್ಪೀನ್ಸ್, ಮಲೇಷ್ಯಾ. ಭೂತಾನಿನ ಜನಸಂಖ್ಯೆ ನಮ್ಮ ಜಿಲ್ಲೇದರ ಅರ್ಧಾನೂ ಇಲ್ಲ ಅಂತ ದೇವದುರ್ಗ ಲೆಕ್ಕ ಹಾಕಿ ಹೇಳಿದ ದಿನ ನಮಗೆ ನಿಜವಾಗ್ಲೂ ಹೊಟ್ಟೆಕಿಚ್ಚಾಯ್ತು.

ನಮ್ಮಲ್ಲಿ ಆಗಿಲ್ಲ ಅಂತಲ್ಲ. 2010ರ ಜುಲೈ 12ಕ್ಕೆ ಇಸ್ರೋದ ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಲ್ಲಿ ಹೋದ ಸ್ಟುಡ್‌ಸ್ಯಾಟ್ ಅನ್ನೋ ಪುಟ್ಟ ಉಪಗ್ರಹಾನ ಬೆಂಗಳೂರು, ಹೈದ್ರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜಿನವರು ಸೇರಿ ಮಾಡಿದ್ರು. 2019ರ ಜನವರಿಯಲ್ಲಿ ಇಸ್ರೋನೇ ಬೆಂಗಳೂರಲ್ಲಿ ಉನ್ನತಿ ಅಂತ ಶುರು ಮಾಡಿ ಹೊರದೇಶದೋರಿಗೆ ನ್ಯಾನೋ ಉಪಗ್ರಹ ಜೋಡಿಸೋದು ಕಲಿಸ್ತಿತ್ತು. ಆ ಎರಡೂ ಊರಿಗೆ ನಮ್ಮೂರಿಂದ ನೇರ ಬಸ್ಸಿದೆ, ಅಷ್ಟೇ ಸಂಬಂಧ.

ಉಪಗ್ರಹ ಕಟ್ಟೋದಂತೂ ದೂರದ ಮಾತು, ಅದು ಕಳಿಸೋ ರೇಡಿಯೋ ಸಿಗ್ನಲ್ಲಿನ ಸದ್ದಾದ್ರೂ ಕೇಳೋಣ ಅಂತ ಹೊರಟ್ವಿ. ಕಾಲೇಜಿನ ಟೆರೇಸ್ ಕೀಲಿ ಕೇಳಿದ್ರೆ "ಸಿಲಬಸ್‌ನಾಗ ಅದೇನು?" ಅಂದ್ರು. ಇರಲಿಲ್ಲ. ಹಂಗಾಗಿ ಓನರ್ ಅವ್ವನ ಮಾಳಿಗಿ. ಆಂಟೆನಾಕ್ಕೆ ಅಂತ, ವೈರಿಂಗಿಗೆ ಹಾಕ್ತಾರಲ್ಲ ಆ ಪಿವಿಸಿ ಪೈಪಿಗೆ ಉಕ್ಕಿನ ಅಳತೆ ಟೇಪ್ ಕತ್ತರಿಸಿ ಕಟ್ಟಿದ್ವಿ, ಒಂದೊಂದು ಪಟ್ಟಿ ಹೆಚ್ಚುಕಮ್ಮಿ ಒಂದೂವರೆ ಗೇಣು. ಟೇಪಿನ ಹಳದಿ ಬಣ್ಣ ಪೂರ್ತಿ ಕೆರೆದ್ರೇನೇ ಬೆಸುಗೆ ಕೂರೋದು, ಇಷ್ಟು ಗೊತ್ತಾಗೋಕೆ ಅರ್ಧ ದಿನ ಹೋಯ್ತು, ಸಿಂಧನೂರಿನ ಹೆಬ್ಬೆರಳೂ ಸುಟ್ಟಿತು. ಕೇಬಲ್ ಟಿವಿಯವರಿಂದ ತುಂಡು ವೈರು, ರೇಡಿಯೋ ಸಿಗ್ನಲ್ ಹಿಡಿಯೋಕೆ ಆನ್‌ಲೈನಲ್ಲಿ ತರಿಸಿದ ಒಂದು ಯುಎಸ್‌ಬಿ ಡಾಂಗಲ್, ನನ್ನ ಹಳೇ ಲ್ಯಾಪ್‌ಟಾಪ್.

ಮೊದಲ ದಿನ ಏನೂ ಇಲ್ಲ. ಬರೀ ಗುಯ್ ಅನ್ನೋ ಶಬ್ದ. ಆಂಟೆನಾನ ಬೈದ್ವಿ, ವೈರನ್ನ ಬೈದ್ವಿ, ಒಬ್ಬರಿಗೊಬ್ಬರು ಬೈಕೊಂಡ್ವಿ, ಆಮೇಲೆ ದೇವದುರ್ಗ ತನ್ನ ಮೊಬೈಲ್ ನೋಡಿ "ಲೇ, ನಿನ್ನ ಲ್ಯಾಪ್‌ಟಾಪ್ ಟೈಮ್ ಆರು ನಿಮಿಷ ಹಿಂದ ಅದಲೇ" ಅಂದ. ಒಳಗಿನ ಸಣ್ಣ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಿತ್ತು. ಉಪಗ್ರಹ ಒಂದು ಅಂಚಿಂದ ಇನ್ನೊಂದು ಅಂಚಿಗೆ ಹೋಗೋಕೆ ತಗೊಳ್ಳೋದೇ ಹತ್ತು ನಿಮಿಷ, ನಾವು ಖಾಲಿ ಆಕಾಶಕ್ಕೆ ಕೈ ಎತ್ಕೊಂಡು ನಿಂತಿದ್ವಿ.

ಮರುದಿನ ಸಂಜೆ ಮತ್ತೆ. ಡಾಂಗಲ್ ಕಾದು ಫ್ರೀಕ್ವೆನ್ಸಿ ಜಾರ್ತಿತ್ತು, ಅದನ್ನ ಸ್ಟೀಲ್ ತಾಟಿನ ಮೇಲಿಟ್ಟು ತಾಟಿನ ಕೆಳಗೆ ಒದ್ದೆ ಟವೆಲ್ ಹಾಸಿದ್ವಿ. ಓನರ್ ಅವ್ವ ಬಟ್ಟೆ ತೆಗೆಯೋಕೆ ಬಂದವಳು ನಿಂತ್ಲು.

"ಏನಪಾ ಇದು, ಡಿಶ್ ಏನು?"

"ಇಲ್ಲವ್ವ, ಉಪಗ್ರಹದ ಸದ್ದು ಕೇಳಾಕ."

"ಯಾರ್ದು?"

"ರಾವಣಂದು."

"ವಿಮಾನ ಇಟ್ಟಿದ್ದ ಅಂತ ಕೇಳಿದ್ದೆ. ಇದನ್ನೂ ಬಿಟ್ಟಾನೇನು?"

ನಗೋಕೆ ಟೈಮ್ ಇರಲಿಲ್ಲ. 437.375 ಮೆಗಾಹರ್ಟ್ಸ್ ಹತ್ರ ಸ್ಕ್ರೀನಲ್ಲಿ ಚುಕ್ಕಿ ಚುಕ್ಕಿ ಗೆರೆ ಬಿತ್ತು, ಸಣ್ಣಕ್ಕೆ ಪೀಂ ಪಿಪೀಂ. ಗೆರೆ ನೆಟ್ಟಗಿರಲಿಲ್ಲ, ಕೆಳಗಿನ ಫ್ರೀಕ್ವೆನ್ಸಿ ಕಡೆ ವಾಲ್ತಾ ಹೋಯ್ತು, ಹಂಗೆ ವಾಲಿದ್ದೇ ಅದು ಉಪಗ್ರಹ ಅನ್ನೋದಕ್ಕೆ ಗ್ಯಾರಂಟಿ, ಪಕ್ಕದ ಮನೆ ಎಲ್‌ಇಡಿ ಬಲ್ಬಿನ ಗದ್ದಲ ಆಗಿದ್ರೆ ಇದ್ದಲ್ಲೇ ಇರ್ತಿತ್ತು, ಓಡ್ತಿರೋದು ಮಾತ್ರ ಹಿಂಗೆ ಜಾರೋದು. ಓಡೋ ವಸ್ತುವಿನ ಫ್ರೀಕ್ವೆನ್ಸಿ ಹಿಂಗೆ ಬದಲಾಗೋದಕ್ಕೆ ಡಾಪ್ಲರ್ ಎಫೆಕ್ಟ್ ಅಂತಾರೆ, ಪರೀಕ್ಷೆಗೆ ಅದನ್ನ ಎಷ್ಟು ಸಲ ಬರೆದಿದ್ದೀನೋ, ಕಣ್ಣಿಂದ ನೋಡಿದ್ದು ಅವತ್ತೇ. 400 ಕಿಲೋಮೀಟರ್ ಮೇಲೆ, ಮನೇಲಿ ರಾತ್ರಿ ಹಚ್ಚೋ ಜೀರೋ ಬಲ್ಬಿಗಿಂತ ಕಡಿಮೆ ಪವರಲ್ಲಿ ಕೂಗ್ತಿತ್ತು. ಮೂರೂ ಒಂದೇ ಫ್ರೀಕ್ವೆನ್ಸಿಯವು, ಅವು ಮಾತಾಡೋ ಮೋರ್ಸ್ (ಉದ್ದ-ಗಿಡ್ಡ ಪೀಂಗಳಲ್ಲಿ ಅಕ್ಷರ ಹೇಳೋ ಸಂಕೇತ) ನಮಗೆ ಅರ್ಧಂಬರ್ಧ ಬರೋದು, ಹಂಗಾಗಿ ಅದು ರಾವಣನೋ ನೇಪಾಳದ್ದೋ ಇವತ್ತಿಗೂ ಗೊತ್ತಿಲ್ಲ. ನಾವಂತೂ ರಾವಣ ಅಂತಾನೇ ಹೇಳ್ಕೊಂಡು ತಿರುಗಿದ್ವಿ. 2021ರಲ್ಲಿ ಅವು ಕೆಳಗೆ ಬಂದು ಉರಿದುಹೋದ್ವು, ಆ ರೆಕಾರ್ಡಿಂಗ್ ಮಾತ್ರ ನನ್ನ ಹತ್ರ ಇನ್ನೂ ಇದೆ, ಅದರಲ್ಲಿ ಪೀಂಗಿಂತ ಸಿಂಧನೂರಿನ "ಬಂತಲೇ ಬಂತಲೇ" ಜಾಸ್ತಿ ಕೇಳಿಸ್ತದೆ.

ಅವ್ವ ಬಟ್ಟೆ ಹೆಗಲ ಮೇಲೆ ಹಾಕ್ಕೊಂಡು ಇನ್ನೂ ಅಲ್ಲೇ ಇದ್ಲು.

"ಏನಂದ?"

"ಬ್ಯಾಟರಿ ಎಷ್ಟದ, ಒಳಗ ಎಷ್ಟು ಬಿಸಿ ಅದ, ಅದನ್ನ ಹೇಳ್ತದವ್ವ."

"ಬಿಸಿ ಇಲ್ಲೇನು ಕಮ್ಮಿ ಅದನಪಾ. ಕೆಳಗ ಬರ್ರಿ, ಮಜ್ಜಿಗಿ ಕುಡೀರಿ."